ಕಾಳುಮೆಣಸಿನಷ್ಟು ಬೆಳಕು

"ಕೇಳಿರಪ್ಪೋ ಕೇಳಿರಿ! ದೊರೆ ಚೆನ್ನಭೂಪಾಲರ ಅಪ್ಪಣೆ! ದೊರೆಗಳ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡಲಾಗುವುದು. ತಪ್ಪು ಹೇಳಿದವರ ತಲೆ ಅಮಾವಾಸ್ಯೆಯ ಬೆಳಗ್ಗೆ ಹೋಗುವುದು!"

ಹೀಗೆ ಡಂಗುರ ಸಾರಿದ್ದು ಮುಸ್ಸಂಜೆಪುರದಲ್ಲಿ. ಆ ಊರಿಗೆ ಬಂದ ಸಂಜೆ ಬೇಗ ಹೋಗುತ್ತಿರಲಿಲ್ಲ. ಸೂರ್ಯ ಮುಳುಗಿದ ಮೇಲೂ ಬೆಳಕು ಬೀದಿಬೀದಿ ಅಲೆದು, ಜಗಲಿಗಳ ಮೇಲೆ ಕೂತು, ಒಲ್ಲದ ಮನಸ್ಸಿನಿಂದ ಎದ್ದು ಹೋಗುತ್ತಿತ್ತು. ಆ ಹೊತ್ತಿಗೇ ಒಂದು ಒಂಟಿ ಹಂದಿ ಹೊಲಕ್ಕಿಳಿದು ಅಡ್ಡ ಬಂದವರನ್ನು ಸೀಳಿಹಾಕುತ್ತಿತ್ತು. ಬಂದೂಕು ಹಿಡಿಯುವ ಹಕ್ಕು ಆ ನಾಡಿನಲ್ಲಿ ಅರಸನೊಬ್ಬನಿಗೇ. ಬಂದೂಕಿನ ಮೇಲೆ ದೂರದ್ದನ್ನು ಹತ್ತಿರ ತೋರಿಸುವ ಗಾಜಿನ ಕೊಳವೆಯೂ ಇತ್ತು. ಆದರೂ ಗುರಿ ತಪ್ಪುತ್ತಲೇ ಇತ್ತು. ನನಗೆ ಕಾಣುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಲು ಅರಸನಿಗೆ ನಾಚಿಕೆ. ಅದನ್ನೇ ಒಗಟು ಮಾಡಿ ಕೇಳಿದ. ದೊಡ್ಡವರ ರೀತಿಯೇ ಹಾಗೆ, ಅವರ ನಾಚಿಕೆಗೆ ಬೇರೆಯವರ ತಲೆ ಹೋಗಬೇಕು.

"ಅದಕ್ಕೆ ಬಾಯಿ ದೊಡ್ಡದು, ಹಲ್ಲಿಲ್ಲ. ಕತ್ತಲಾದಷ್ಟೂ ಬಾಯಾರಿಕೆ. ಕುಡಿಯುವುದು ನೀರಲ್ಲ, ಹಾಲಲ್ಲ. ಏನದು?" ಇದು ಮೊದಲನೆಯದು. ನೆರೆನಾಡಿನ ರಾಜಕುಮಾರ ಮೀಸೆ ತಿರುವಿ "ಬಾವಲಿ" ಎಂದ. ಅವನನ್ನೂ ಅವನ ಹಿಂದೆ ಬಂದು ಸೋತ ಬೇರೆ ರಾಜಕುಮಾರರನ್ನೂ ಸೆರೆಮನೆಗೆ ನೂಕಿದರು.

ಗಾಣದ ಕೊಟ್ರಪ್ಪ ಮಾತಿನಲ್ಲಿ ಚುರುಕು. ಮೊದಲನೆಯದನ್ನು ಹೇಗೋ ಬಿಡಿಸಿದ. ಎರಡನೆಯದು ಹೀಗಿತ್ತು: "ನೆಂಟನನ್ನು ಹತ್ತಿರ ಕರೆದಷ್ಟೂ ಅವನ ಊರು ಮಾಯವಾಗುತ್ತದೆ, ಕರೆದವನ ಕೈ ನಡುಗುತ್ತದೆ. ಕರೆಸಿದ್ದು ಯಾರು?" ಕೊಟ್ರಪ್ಪ "ಯಮ" ಎಂದ. ಆಸ್ಥಾನದವರೆಲ್ಲ ಹೌದೆಂದು ತಲೆಯಾಡಿಸಿದರು. ಅರಸ ಆಡಿಸಲಿಲ್ಲ. ಕೊಟ್ರಪ್ಪನೂ ಸೆರೆಮನೆ ಸೇರಿದ.

ನಾಳೆ ಅಮಾವಾಸ್ಯೆ ಎನ್ನುವಾಗ ಕೊಟ್ರಪ್ಪನ ತಮ್ಮ ಹಾಲಪ್ಪ ಅರಮನೆಗೆ ಬಂದ. ಗಾಣದ ಎತ್ತಿನ ಹಿಂದೆ ಸುತ್ತುತ್ತ ಹಗಲುಗನಸು ಕಾಣುವ ಹುಡುಗ ಅವನು. ಎಣ್ಣೆ ತುಂಬಿಸುವಾಗ ಕನಸಿಗೆ ಬಿದ್ದು ಚೆಲ್ಲಿ ಬೈಸಿಕೊಳ್ಳುವವನು. ಅಪ್ಪ ಹೋದ ಮೇಲೆ ಅವನನ್ನು ಸಾಕಿದವನು ಅಣ್ಣ.

ಆ ಆಸ್ಥಾನದಲ್ಲಿ ಅರಸನ ಮೊಣಕಾಲಿಗಿಂತ ಮೇಲೆ ಯಾರೂ ಕಣ್ಣೆತ್ತುವಂತಿರಲಿಲ್ಲ. ತಲೆ ತಗ್ಗಿಸಿ ನಿಂತ ಹಾಲಪ್ಪನಿಗೆ ಮೊಣಕಾಲ ಮೇಲಿದ್ದ ಬಂದೂಕು ಕಂಡಿತು. ಕೊಳವೆಯ ಮುಂದಿನ ಗಾಜು ಅಂಗೈಯಗಲ ಬಾಯಿ ತೆರೆದು, ಕಿಟಕಿಯ ಸಂಜೆಯನ್ನೆಲ್ಲ ಒಳಗೆಳೆದುಕೊಳ್ಳುತ್ತಿತ್ತು.

"ಈ ಗಾಜೇ, ದೊರೆಯೇ. ಕುಡಿಯೋದು ಬೆಳಕು."

"ಸರಿ. ಎರಡನೆಯದು?"

"ಒಂದ್ಸಲ ಕಣ್ಣಿಗಿಟ್ಕೊಂಡು ನೋಡ್ಲಾ?"

ಅರಸ ಕೊಳವೆಯನ್ನು ಬಿಚ್ಚಿ ಕೊಟ್ಟ. ಹಾಲಪ್ಪ ಗುಡ್ಡದತ್ತ ನೋಡಿದ. ಒಂದೇ ಒಂದು ಎಲೆ ಕಣ್ಣ ತುಂಬ ಬಂದು ನಿಂತಿತು, ಮರವಿಲ್ಲ, ಗುಡ್ಡವಿಲ್ಲ. ಅವನ ಎದೆ ಬಡಿದಂತೆಲ್ಲ ಎಲೆ ಗಡಗಡ ನಡುಗಿತು. ಅದರ ನರಗಳ ಹಾದಿ ಹಿಡಿದು ಅವನು ಎಲ್ಲಿಗೋ ಹೊರಟೇಬಿಟ್ಟಿದ್ದ. ಅಣ್ಣನ ನೆನಪಾಗಿ ಬೆಚ್ಚಿ ಮರಳಿದ.

"ಕರೆಸಿದ್ದು ಹಿಗ್ಗಿಸೋ ಶಕ್ತಿ. ಅದು ಹೆಚ್ಚಾದಷ್ಟೂ ಸುತ್ತಲಿನ ಜಾಗ ಕಳೆದುಹೋಗ್ತದೆ, ಕೈ ನಡುಕ ಬೆಳೀತದೆ. ಓಡೋ ಹಂದೀನ ಹಿಂಗೆ ಹುಡುಕೋಕಾಗಲ್ಲ."

ಮೂರನೆಯದನ್ನು ಕೇಳುವಾಗ ಅರಸನ ದನಿ ಸಣ್ಣಗಾಯಿತು. "ಹೊರಬಾಗಿಲನ್ನು ಅಗಲ ಮಾಡಿಸಿದೆ. ಬೆಳಕು ಧಾರಾಳವಾಗಿ ಬಂತು. ಆದರೂ ಮನೆ ಕತ್ತಲೆ. ತಡೆದವರು ಯಾರು?"

ಅರಸ ಮಾಡಿಸಿಟ್ಟಿದ್ದ ಇನ್ನೆರಡು ಕೊಳವೆಗಳನ್ನೂ ತಂದಿಟ್ಟರು. ಹಾಲಪ್ಪ ಒಂದೊಂದನ್ನೂ ಕಿಟಕಿಗೆ ಹಿಡಿದು, ತೋಳು ಚಾಚಿ ದೂರದಿಂದ ನೋಡಿದ. ಹಿಂದಿನ ಗಾಜಿನಲ್ಲಿ ಬೆಳಕಿನ ಬೊಟ್ಟೊಂದು ತೇಲುತ್ತಿತ್ತು. ಅರಸನ ಕೊಳವೆಯಲ್ಲಿ ಅದು ಎಳ್ಳಿನಷ್ಟು. ಅಷ್ಟೇ ಅಗಲದ ಗಾಜಿದ್ದು ಕಡಿಮೆ ಹಿಗ್ಗಿಸುವ ಎರಡನೆಯದರಲ್ಲಿ ಕಡಲೆಯಷ್ಟು. ಅದರಂತೆಯೇ ಹಿಗ್ಗಿಸುವ, ಆದರೆ ಅರ್ಧ ಅಗಲದ ಗಾಜಿನ ಮೂರನೆಯದರಲ್ಲಿ ಕಾಳುಮೆಣಸಿನಷ್ಟು. ಬೊಟ್ಟು ಸಿಕ್ಕಿತು. ಅದು ಹೋಗಿ ಸೇರುವ ಬಾಗಿಲು?

ಹಾಲಪ್ಪ ತಲೆ ಎತ್ತಿ ಅರಸನ ಕಣ್ಣನ್ನೇ ನೋಡಿದ.

ಆಸ್ಥಾನವೆಲ್ಲ ಹೌಹಾರಿತು. ಕಾವಲಿನವರು ಕತ್ತಿ ಹಿರಿದರು. ಅರಸ ಕೈಯೆತ್ತಿ ಅವರನ್ನು ತಡೆದ.

"ತಡೆದಿದ್ದು ನಿಮ್ಮ ಕಣ್ಣಿನ ಪಾಪೆ, ದೊರೆಯೇ," ಎಂದ ಹಾಲಪ್ಪ. "ಈ ಮಬ್ಬಿನಲ್ಲಿ ಎಳೇ ಕಣ್ಣಿನ ಪಾಪೆ ಕಡಲೆಯಷ್ಟು ಅರಳ್ತದೆ. ನಿಮ್ಮದು ಮೆಣಸಿನ ಕಾಳಿನಷ್ಟೇ. ವಯಸ್ಸಾಯ್ತು, ಅಷ್ಟೇ. ಸಣ್ಣ ಬಾಯಿನ ಸೀಸೆಗೆ ದೊಡ್ಡ ಲಾಳಿಕೆ ಇಟ್ಟರೆ ಎಣ್ಣೆ ಚೆಲ್ತದೆ. ಎರಡನೇ ಕೊಳವೆ ಬೆಳಕು ಚೆಲ್ತದೆ, ಬರೀ ಭಾರ. ಮೊದಲನೇದು ಅತಿಯಾಗಿ ಹಿಗ್ಗಿಸಿ ಬೊಟ್ಟನ್ನೇ ಸಣ್ಣ ಮಾಡ್ತದೆ. ಮೂರನೇದು ನಿಮಗೆ ಸರಿಯಾಗಿ ಕೂರ್ತದೆ."

ಅರಸ ಮೂರನೆಯದನ್ನು ಬಂದೂಕಿಗೆ ಸಿಕ್ಕಿಸಿ ಕಿಟಕಿಗೆ ಹೋದ. ಬೂದು ಸಂಜೆಯ ಆಳದಿಂದ ನವಣೆ ಹೊಲ ತೇಲಿಬಂತು, ಬದು ಬಂತು, ಬದುವಿನ ಮೇಲೆ ಹಂದಿ ಬಂತು. ಗುಂಡು ಹಾರಿತು. ಹೊಲದ ಕಡೆಯಿಂದ ಜನರ ಕೇಕೆ ಕೇಳಿಸಿತು.

ಅರಸ ಬಂದೂಕನ್ನು ಕೆಳಗಿಟ್ಟ.

"ರಾಣಿ ಹೋದ ಮೇಲೆ ನನ್ನ ಕಣ್ಣನ್ನು ಯಾರೂ ನೋಡಿರಲಿಲ್ಲ," ಎಂದ. "ನೋಡಿದ್ದರೆ ಆಗಲೇ ಹೇಳುತ್ತಿದ್ದರು. ಇನ್ನು ಮೇಲೆ ನನ್ನೆದುರು ಯಾರೂ ತಲೆ ತಗ್ಗಿಸಬೇಡಿ. ಹಾಲಪ್ಪ, ಏನು ಬೇಕು ಕೇಳು. ಅರ್ಧ ನಾಡು ಕೊಡಲೇ?"

"ಅಣ್ಣ ಬೇಕು. ಜೊತೆಗಿರೋರನ್ನೂ ಬಿಟ್ಟುಬಿಡಿ."

ಸೆರೆಮನೆಯ ಬಾಗಿಲು ತೆರೆಯಿತು. ರಾಜಕುಮಾರರು ಮೀಸೆ ಇಳಿಬಿಟ್ಟುಕೊಂಡು ಒಬ್ಬೊಬ್ಬರಾಗಿ ಹೋದರು. ಕೊನೆಗೆ ಕೊಟ್ರಪ್ಪ ಹೊಸ್ತಿಲಿಗೆ ಬಂದು "ತಮ್ಮಾ" ಎಂದ. ಅಲ್ಲಿಯವರೆಗೆ ಅಳದಿದ್ದ ಹಾಲಪ್ಪನ ಕಣ್ಣು ತುಂಬಿಬಂತು. ಮಾರು ದೂರದಲ್ಲಿದ್ದ ಅಣ್ಣ ಕಾಣಲೇ ಇಲ್ಲ. ಎರಡೂ ಕೈ ಚಾಚಿ, ತಡಕಾಡಿ, ಅಪ್ಪಿಕೊಂಡ.