ಖಾಲಿ ಕೊಳವೆಯಲ್ಲಿ ಕೂಗಿದ ಫಕೀರವ್ವ

ಬಹಳ ಹಿಂದೆ, ಕರಿಹಾಳ ಎಂಬ ಒಂದು ಊರಿನಲ್ಲಿ, ಫಕೀರವ್ವ ಎಂಬ ಹೆಂಗಸು ಇದ್ದಳಂತೆ. ಎಷ್ಟು ಹಿಂದೆ ಎಂದು ಕೇಳಬೇಡಿ. ಊರಿಗೆ ಇಂಟರ್‌ನೆಟ್ ಬಾರದ ಕಾಲ ಎಂದರೆ ಸಾಕು. ಈಗ ನೀವು ಕಟ್ಟೆಯ ಮೇಲೆ ಕೂತು ಬೆರಳು ಸವರಿದರೆ ಲೋಕವೇ ಓಡಿ ಬರುತ್ತದೆ. ಆಗ ಹಾಗಿರಲಿಲ್ಲ. ಯಾಕಿರಲಿಲ್ಲ ಎನ್ನುವುದೇ ಈ ಕತೆ. ಹೇಳುವಾಗ ನನ್ನ ದನಿ ಏರಿದರೆ, ಸಿಟ್ಟು ನಿಮ್ಮ ಮೇಲಲ್ಲ.

ಫಕೀರವ್ವ ಹಕ್ಕಿ ಕಾಯುವವಳು. ಹಕ್ಕಿ ಕಾಯುವುದೆಂದರೆ ಸಾಕುವುದಲ್ಲ, ಓಡಿಸುವುದು. ಜೋಳದ ತೆನೆಯಲ್ಲಿ ಹಾಲು ತುಂಬಿದಾಗ ಹಕ್ಕಿಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಆಗ ಹೊಲದ ನಡುವೆ ಕಂಬ ನೆಟ್ಟು ಅಟ್ಟ ಕಟ್ಟಿ, ಅದರ ಮೇಲೆ ನಿಂತು ಕವಣೆಯಿಂದ ಕಲ್ಲು ಬೀಸಬೇಕು. ಬೇರೆಯವರು ಕಲ್ಲು ಬೀಸುತ್ತಿದ್ದರು. ಇವಳು ಬರೀ ಕೂಗುತ್ತಿದ್ದಳಂತೆ. ಅವಳು ಒಮ್ಮೆ ಕೂಗಿದರೆ ಗಿಳಿಹಿಂಡು ಗಾಳಿಯಲ್ಲೇ ತಿರುಗಿ ಪಕ್ಕದೂರಿನ ಹೊಲಕ್ಕೆ ಹೋಗುತ್ತಿತ್ತಂತೆ. ಅಲ್ಲಿಯವರು ಜಗಳಕ್ಕೆ ಬರುತ್ತಿದ್ದರಂತೆ.

ಮನೆಯಲ್ಲಿ ಅವಳೂ ಅವಳ ಅತ್ತೆ ನಿಂಬವ್ವನೂ ಇಬ್ಬರೇ. ಗಂಡ ತೀರಿಹೋಗಿದ್ದ. ಇಬ್ಬರ ಹೊಟ್ಟೆಗೂ ರೇಷನ್ ಅಂಗಡಿಯ ಅಕ್ಕಿಯೇ ಆಧಾರ. ಆ ಅಕ್ಕಿ ಹೇಗೆ ಸಿಗುತ್ತಿತ್ತು ಎಂಬುದನ್ನು ಬಿಡಿಸಿ ಹೇಳದಿದ್ದರೆ ನೀವು ನಂಬುವುದಿಲ್ಲ. ಒಂದು ಸಣ್ಣ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು. ಹೆಬ್ಬೆಟ್ಟು ನಿಮ್ಮದೇ ಎಂದು ದೂರದ ಯಾವುದೋ ದೊಡ್ಡ ಯಂತ್ರ ಹೂಂ ಅನ್ನಬೇಕು. ಅದು ಹೂಂ ಅನ್ನಲು ಸಿಗ್ನಲ್ ಬೇಕು. ಸಿಗ್ನಲ್ ಇದ್ದದ್ದು ಊರ ಹಿಂದಿನ ಗುಡ್ಡದ ನೆತ್ತಿಯಲ್ಲಿ ಮಾತ್ರ. ಹಾಗಾಗಿ ರೇಷನ್ ದಿನ ಅಂಗಡಿಯ ಈರಪಾಕ್ಷಿ ಯಂತ್ರ ಹಿಡಿದು ಗುಡ್ಡ ಹತ್ತುತ್ತಿದ್ದ. ಹಿಂದೆ ಊರೇ ಹತ್ತುತ್ತಿತ್ತು. ಕುಂಟರು, ಬಸುರಿಯರು, ಕಣ್ಣು ಕಾಣದವರು, ಎಲ್ಲರೂ. ಅಕ್ಕಿ ಕೆಳಗೆ, ಹೂಂ ಅನ್ನುವುದು ಮೇಲೆ.

ಫಕೀರವ್ವನ ಹೆಬ್ಬೆಟ್ಟು ದಂಟು ಕೊಯ್ದು ಕೊಯ್ದು ಸವೆದಿತ್ತು, ಯಂತ್ರ ಹಿಡಿಯುತ್ತಿರಲಿಲ್ಲ. ನಿಂಬವ್ವನದನ್ನು ಮಾತ್ರ ಹಿಡಿಯುತ್ತಿತ್ತು. ನಿಂಬವ್ವನಿಗೋ ಕಾಲಲ್ಲಿ ಬಲವಿಲ್ಲ, ಎದೆಯಲ್ಲಿ ಉಸಿರಿಲ್ಲ. ಸೊಸೆ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಹತ್ತುತ್ತಿದ್ದಳಂತೆ. ಬೆನ್ನ ಮೇಲೆ ಕೂತೂ ಮುದುಕಿ ಬಾಯಿ ಬಿಗಿಹಿಡಿಯುತ್ತಿರಲಿಲ್ಲವಂತೆ.

"ನಿನ್ನ ಗಂಡನ್ನ ಒಂಬತ್ತು ತಿಂಗಳು ಹೊತ್ತೀನಿ. ನೀ ನನ್ನ ಒಂದು ಗುಡ್ಡ ಹೊರಾಕ ಇಷ್ಟು ತೇಕ್ತಿಯಲ್ಲವಾ."

"ಅವ ನಿನ್ನಷ್ಟು ಮಾತಾಡ್ತಿದ್ದಿಲ್ಲ ಅತ್ತಿ, ಅದಕ್ಕ ಹಗುರ ಇದ್ದ," ಎನ್ನುತ್ತಿದ್ದಳಂತೆ ಸೊಸೆ.

ಆಮೇಲೆ ಊರಿಗೆ ತಂತಿ ಬಂತು. ಬಂತು ಎಂದು ಹೇಳಿದರು, ನೆನಪಿಡಿ. ಹೊಲಗಳ ಅಂಚಿನಲ್ಲಿ ಕಾಲುವೆಯಂತೆ ತೋಡಿ, ಮುಂಗೈ ದಪ್ಪದ ಕೇಸರಿ ಕೊಳವೆ ಹೂಳಿದರು. ಅದರೊಳಗೆ ಕೂದಲಿನಂಥ ಗಾಜಿನ ಎಳೆ ಇರುತ್ತದೆ, ಅದರಲ್ಲಿ ಬೆಳಕು ಓಡುತ್ತದೆ, ಆ ಬೆಳಕೇ ಇಂಟರ್‌ನೆಟ್ ಎಂದರು. ಮುಟ್ಟಿದರೆ ಸಾಯುತ್ತೀರಿ ಎಂದೂ ಹೆದರಿಸಿದರು. ಪಂಚಾಯಿತಿ ಗೋಡೆಗೆ ಒಂದು ಪೆಟ್ಟಿಗೆ ಬಡಿದರು. ತಾಲ್ಲೂಕಿನ ಸಾಹೇಬ ಬಂದು ಕಾಯಿ ಒಡೆಸಿದ, ಹಾರ ಹಾಕಿಸಿಕೊಂಡ. ನಿಂಬವ್ವ ಮುಂದಿನ ಸಾಲಿನಲ್ಲಿ ಕೂತು ಕೇಳಿದಳಂತೆ: "ಬಂತೇನು?" ಬಂದೇಬಿಟ್ಟಿತು ಅಜ್ಜಿ ಎಂದು ಸಾಹೇಬ ನಕ್ಕನಂತೆ.

ಪೆಟ್ಟಿಗೆಯಲ್ಲಿ ದೀಪ ಹತ್ತಲಿಲ್ಲ. ಊರು ಗುಡ್ಡ ಹತ್ತುವುದು ತಪ್ಪಲಿಲ್ಲ.

ಆ ಮಳೆಗಾಲ ಫಕೀರವ್ವ ಹೊಲದಲ್ಲಿ ಕುಂಟೆ ಹೊಡೆಯುವಾಗ ಕುಂಟೆಯ ಅಲಗಿಗೆ ಕೊಳವೆ ತಗುಲಿ ಬಿರುಕು ಬಿಟ್ಟಿತಂತೆ. ಆಳುದ್ದ ಹೂಳಬೇಕಾದದ್ದನ್ನು ಗೇಣುದ್ದ ಹೂಳಿದ್ದರು. ಆದರೂ ಅವಳು ತಪ್ಪು ತನ್ನದೇ ಎಂದುಕೊಂಡಳು. ಸೀರೆಯ ಅಂಚು ಹರಿದು, ಗಾಯಕ್ಕೆ ಕಟ್ಟುವ ಹಾಗೆ ಅರಿಶಿನ ಸವರಿ ಬಿರುಕಿಗೆ ಪಟ್ಟಿ ಕಟ್ಟಿದಳು. ತಾನೇ ಪಂಚಾಯಿತಿಗೆ ಹೋಗಿ ತಿಳಿಸಿ ಬಂದಳು. ಒಳಗೆ ಇಣುಕಿ ಮಾತ್ರ ನೋಡಲಿಲ್ಲ. ಸರಕಾರದ ವಸ್ತು, ಮುಟ್ಟಿದರೆ ಸಾಯುವ ವಸ್ತು. ಯಾರು ನೋಡುತ್ತಾರೆ?

ಮುಂದಿನ ರೇಷನ್ ದಿನ ನಿಂಬವ್ವನಿಗೆ ಉಬ್ಬಸ ಹೆಚ್ಚಿತ್ತು. ಬೇಡ ಎಂದಳು ಸೊಸೆ. ಒತ್ತದಿದ್ದರೆ ಕಾರ್ಡಿನಿಂದ ಹೆಸರು ಹೊಡೆದುಹಾಕುತ್ತಾರೆ, ಆಮೇಲೆ ನೀನೇನು ತಿನ್ನುತ್ತಿ ಎಂದಳು ಅತ್ತೆ. ಹತ್ತಿದರು. ಮುದುಕಿ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದಳು. ಯಂತ್ರದಲ್ಲಿ ಸಣ್ಣ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು.

"ಬಂತೇನು?" ಎಂದಳು ನಿಂಬವ್ವ.

"ಬರ್ತದ, ತಡೀ ಆಯಿ," ಎಂದ ಈರಪಾಕ್ಷಿ.

ಅವಳ ಕೈ ಜಾರಿತು. ಜೀವ ಹೋಗಿತ್ತು. ಯಂತ್ರ ಆಮೇಲೆ ಹೂಂ ಅಂದಿತಂತೆ.

ಸಮಾಧಿಗೆ ಹಾಲು-ತುಪ್ಪ ಎರೆಯುವ ದಿನ ಸಾಹೇಬ ಸಾಂತ್ವನ ಹೇಳಲು ಬಂದ. ಊರವರು ಸಿಟ್ಟಿನಲ್ಲಿದ್ದರು. ಆಗ ಅವನು ಎಲ್ಲರ ಎದುರು ಒಂದು ಮಾತು ಹೇಳಿದ. ಇದನ್ನು ಹೇಳುವಾಗ ಈಗಲೂ ನಾನು ಹಲ್ಲು ಕಡಿಯುತ್ತೇನೆ. ತಂತಿಯನ್ನು ನಾವು ಸರಿಯಾಗಿಯೇ ತಂದಿದ್ದೆವು, ಕುಂಟೆ ಹೊಡೆದು ಕಡಿದವಳು ಇವಳೇ, ಅತ್ತೆಯ ಸಾವು ಸೊಸೆಯ ಕೈಯಲ್ಲೇ ಇತ್ತು ಎಂದ. ಊರು ತಿರುಗಿ ಫಕೀರವ್ವನನ್ನು ನೋಡಿತು. ನಿನ್ನೆಯವರೆಗೆ ಅವಳೊಂದಿಗೆ ಅತ್ತವರೇ ಹಾಗೆ ನೋಡಿದರು. ಥೂ, ನಮ್ಮ ಕಣ್ಣಿಗೆ.

ಅವಳು ಎದ್ದು ಹೊಲಕ್ಕೆ ನಡೆದಳು. ಸತ್ತರೆ ಸಾಯುತ್ತೇನೆಂದು ಪಟ್ಟಿ ಬಿಚ್ಚಿ, ಬಿರುಕಿಗೆ ಬೆರಳು ಹಾಕಿ ಕೊಳವೆಯನ್ನು ಸೀಳಿದಳು. ಹಿಂದೆ ಬಂದ ಊರೆಲ್ಲ ನೋಡಿತು. ಒಳಗೆ ಎಳೆ ಇರಲಿಲ್ಲ. ಕಡಿದ ತುದಿಯೂ ಇರಲಿಲ್ಲ. ಇರುವೆಗಳಿದ್ದವು.

ಅವಳು ಹೊಲದ ಸಾಲಿನಲ್ಲಿ ಬೋರಲು ಮಲಗಿ, ಕೊಳವೆಯ ಬಾಯಿಗೆ ಬಾಯಿಟ್ಟು ಕೂಗಿದಳು: "ಬಂತೇನು?"

ಆ ಕೂಗು ನೆಲದೊಳಗೆ ಊರು ಊರು ದಾಟಿ, ಕೊಳವೆಯ ಇನ್ನೊಂದು ತುದಿಯಿದ್ದ ತಾಲ್ಲೂಕು ಕಚೇರಿಯಲ್ಲಿ, ಸಾಹೇಬನ ಮೇಜಿನ ಕೆಳಗೆ ಎದ್ದಿತಂತೆ. ಚಹಾದ ಲೋಟಗಳು ಉರುಳಿದವಂತೆ. ಹಂಚಿನ ಸಂದಿಯ ಪಾರಿವಾಳಗಳು ಹಾರಿಹೋಗಿ ಮತ್ತೆ ಬರಲೇ ಇಲ್ಲವಂತೆ. ಕಚೇರಿಯವರು ಕೊಳವೆಯ ಬಾಯಿಗೆ ಗೋಣಿ ತುರುಕಿದರಂತೆ, ಗೋಣಿ ಹಾರಿ ಬಿತ್ತಂತೆ. ಅವಳ ದನಿ ಒಡೆದಾಗ ಊರಿನ ಹೆಂಗಸರು ಒಬ್ಬರಾದ ಮೇಲೊಬ್ಬರು ಮಲಗಿ ಕೂಗಿದರಂತೆ. ಸುಳ್ಳು ಎನ್ನುವವರಿದ್ದಾರೆ. ನಾನು ನಂಬುತ್ತೇನೆ. ಒಳಗೆ ತಂತಿ ಇದ್ದಿದ್ದರೆ ದನಿಗೆ ಅಡ್ಡವಾಗುತ್ತಿತ್ತೇನೋ. ಖಾಲಿ ಕೊಳವೆಯಲ್ಲಿ ಅಡ್ಡ ಏನಿತ್ತು?

ಸಾಹೇಬ ಕಿವಿಗೆ ಹತ್ತಿ ಇಟ್ಟುಕೊಂಡು ಬಂದ. ತಂತಿ ಕಳಿಸುತ್ತೇನೆ, ಕೂಗು ನಿಲ್ಲಿಸು ತಾಯಿ ಎಂದು ಬೇಡಿಕೊಂಡನಂತೆ. ಫಕೀರವ್ವ ಒಡೆದ ದನಿಯಲ್ಲಿ ಒಂದೇ ಮಾತು ಹೇಳಿದಳು.

"ನಮ್ಮತ್ತಿ ನಿನ್ನ ಬಾಯಿಂದ ಬಂತು ಅಂತ ಕೇಳಿ ಸತ್ತಳು. ಈಗ ನನಗ ನಿನ್ನ ಬಾಯಿ ಬ್ಯಾಡ, ತಂತಿ ತೋರ್ಸು."

ತಂತಿ ಬಂತು. ನಿಜವಾಗಿ ಬಂತು. ಯಂತ್ರ ಗುಡ್ಡ ಇಳಿದು ಮನೆಯ ಹೊಸ್ತಿಲಿಗೆ ಬಂತು. ಫಕೀರವ್ವನ ಸವೆದ ಹೆಬ್ಬೆಟ್ಟಿಗೂ ಬೇರೆ ದಾರಿ ಮಾಡಿದರಂತೆ. ಅವಳು ಮಾತ್ರ ಮತ್ತೆಂದೂ ಹಕ್ಕಿಗೆ ಕೂಗಲಿಲ್ಲ. ದನಿ ಕೊಳವೆಯಲ್ಲೇ ಉಳಿಯಿತು ಎನ್ನುತ್ತಾರೆ.

ಇವತ್ತಿಗೂ ಕರಿಹಾಳದ ಪಂಚಾಯಿತಿ ಬಾಗಿಲಲ್ಲಿ ಆ ಕೊಳವೆಯ ಒಂದು ತುಂಡು ಇದೆ. ನಲ್ಲಿಯಿರಲಿ, ರಸ್ತೆಯಿರಲಿ, ಕೆಲಸ ಮುಗಿಯಿತು ಎಂದು ಯಾರು ಬಂದರೂ ಕುರ್ಚಿಯಲ್ಲಿ ಕೂರಿಸಿ, ಅದರ ಒಂದು ತುದಿಯನ್ನು ಅವರ ಕಿವಿಗಿಡುತ್ತಾರೆ. ಇನ್ನೊಂದು ತುದಿಯಲ್ಲಿ ಊರಿನ ಎಲ್ಲರಿಗಿಂತ ಹಿರಿಯ ಮುದುಕಿ ಕೂತು, ಮೆಲ್ಲಗೆ ಕೇಳುತ್ತಾಳೆ: "ಬಂತೇನು?"

ನೀರು ಅವಳ ಕೊಡಕ್ಕೆ ಬಿದ್ದ ಮೇಲೆ, ರಸ್ತೆಯಲ್ಲಿ ಅವಳು ನಡೆದು ಬಂದ ಮೇಲೆಯೇ ಹಾರ. ಅಲ್ಲಿಯವರೆಗೆ ಹಾರ ಬುಟ್ಟಿಯಲ್ಲೇ ಇರುತ್ತದೆ. ಎಷ್ಟೋ ಹಾರಗಳು ಅಲ್ಲೇ ಬಾಡಿವೆ.