ತೊಳೆಯದ ಕೊರಡು

ಹೊಳೆದಂಡೆಯ ಒಂದು ಕಾಡಿನಲ್ಲಿ ನರಿಯೊಂದು ಕಾಡುಕೋಳಿ ಮಾಂಸದ ಅಂಗಡಿ ಇಟ್ಟುಕೊಂಡಿತ್ತು. ಮಾತಿನಲ್ಲಿ ಬಲು ಚುರುಕು, ಕೆಲಸದಲ್ಲಿ ಬಲು ಸೋಮಾರಿ. ಹೊಳೆ ಕೂಗಳತೆಯಲ್ಲೇ ಇತ್ತು. ಆದರೂ ಮಾಂಸ ಕೊಚ್ಚುವ ಕೊರಡನ್ನು ತೊಳೆಯಲು ನೀರು ಹೊರುವ ಉಸಾಬರಿ ಯಾರಿಗೆ ಬೇಕು? ಹಳೆಯ ಬಟ್ಟೆಯೊಂದರಿಂದ ಕೊರಡು ಒರೆಸುತ್ತಿತ್ತು, ಅದರಲ್ಲೇ ಕತ್ತಿ ಒರೆಸುತ್ತಿತ್ತು, ಕೈಯನ್ನೂ ಒರೆಸಿಕೊಳ್ಳುತ್ತಿತ್ತು. ಮಾಂಸ ನಾರತೊಡಗಿದರೆ ಮೇಲೊಂದಿಷ್ಟು ಅರಿಸಿನ ಬಳಿದು ಮಾರುತ್ತಿತ್ತು.

ಒಂದು ದಿನ ಮುಂಗುಸಿ ಅಳುತ್ತಾ ಬಂದಿತು.

“ನರಿಯಣ್ಣಾ, ನಿನ್ನ ಅಂಗಡಿಯ ಮಾಂಸ ತಿಂದು ನನ್ನ ಮಕ್ಕಳಿಗೆ ವಾಂತಿ ಭೇದಿ ಹತ್ತಿಕೊಂಡಿದೆ. ಆ ಕೊರಡನ್ನೊಮ್ಮೆ ತೊಳೆಯಬಾರದೇ?”

“ಕೊರಡಿಗೇನಾಗಿದೆ ತಂಗೀ? ಎಲ್ಲಿದೆ ಕೊಳೆ, ತೋರಿಸು! ನಿನ್ನ ಮಕ್ಕಳೇ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಂಡಿರಬೇಕು,” ಎಂದಿತು ನರಿ.

ನಾಚಿಕೆಗೆಟ್ಟದ್ದು! ತನ್ನ ತಪ್ಪನ್ನು ಹಸುಳೆಗಳ ತಲೆಗೆ ಕಟ್ಟಿತು. ಮುಂಗುಸಿ ಕಣ್ಣೊರೆಸಿಕೊಂಡು ಮನೆಗೆ ಹೋಯಿತು.

ನರಿಗೂ ಒಂದೇ ಒಂದು ಮರಿಯಿತ್ತು. ಅದೆಂದರೆ ನರಿಗೆ ಪ್ರಾಣ. ಮರಿಗೆ ಹಲ್ಲು ಮೂಡಿ, ಮೊದಲ ಬಾರಿಗೆ ಮಾಂಸ ತಿನ್ನಿಸುವ ದಿನ ಬಂತು. “ಅಂಗಡಿಯ ಹಳಸಲು ನನ್ನ ಕಂದನಿಗೆ ಬೇಡ,” ಎಂದುಕೊಂಡು ನರಿ ಆಗಷ್ಟೇ ಹಿಡಿದ ಎಳೆಯ ಕೋಳಿಯನ್ನು ತಂದಿತು. ಹಿಗ್ಗುತ್ತಾ ಅದನ್ನು ಅದೇ ಕೊರಡಿನ ಮೇಲಿಟ್ಟು ಸಣ್ಣಗೆ ಕೊಚ್ಚಿ, ತುತ್ತು ತುತ್ತಾಗಿ ತಿನ್ನಿಸಿತು.

ಮಾರನೆಯ ದಿನ ಮರಿಗೆ ವಾಂತಿ ಶುರುವಾಯಿತು. ಸಂಜೆಯ ಹೊತ್ತಿಗೆ ಕತ್ತೆತ್ತಲೂ ಆಗದೆ ಬಿದ್ದುಕೊಂಡಿತು. ನರಿ ಎದ್ದೆನೋ ಬಿದ್ದೆನೋ ಎಂದು ಮುಂಗುಸಿಯ ಬಳಿಗೆ ಓಡಿತು.

“ತಂಗೀ, ನನ್ನ ಮರಿ ಕೈತಪ್ಪಿ ಹೋಗುತ್ತಿದೆ. ನಿನ್ನ ಮಕ್ಕಳನ್ನು ಹೇಗೆ ಉಳಿಸಿಕೊಂಡೆ, ಹೇಳು!”

ಮುಂಗುಸಿ ಹಗೆ ಸಾಧಿಸಲಿಲ್ಲ. ಕುದಿಸಿ ಆರಿಸಿದ ನೀರನ್ನು ನರಿಯ ಅಂಗಡಿಗೆ ತಂದು, ಅಲ್ಲೇ ಮಲಗಿದ್ದ ಮರಿಗೆ ಗುಟುಕು ಗುಟುಕಾಗಿ ಕುಡಿಸಿತು.

“ಏನು ತಿನ್ನಿಸಿದ್ದೆ ಅಣ್ಣಾ?”

“ತಾಜಾ ಕೋಳಿ. ನಾನೇ ಹಿಡಿದದ್ದು.”

“ಎಲ್ಲಿ ಕೊಚ್ಚಿದೆ?”

ನರಿ ತಿರುಗಿ ಕೊರಡಿನ ಕಡೆ ನೋಡಿತು. ಅದರ ಸೀಳುಗಳಲ್ಲಿ ಹಳೆಯ ರಕ್ತ ಇಳಿದು ಕಪ್ಪಾಗಿತ್ತು, ನೊಣ ಮುತ್ತಿತ್ತು.

ಮರಿಯ ಹೊಟ್ಟೆಯಲ್ಲಿ ನೀರೂ ನಿಲ್ಲಲಿಲ್ಲ. ಅದು ಒಮ್ಮೆ ಅಪ್ಪನ ಮುಖ ನೋಡಿ ಕಣ್ಣು ಮುಚ್ಚಿತು, ಮತ್ತೆ ತೆರೆಯಲಿಲ್ಲ.

“ಕಾಡಿಗೆಲ್ಲ ಸುಳ್ಳು ಹೇಳಿದೆ ತಂಗೀ, ನನ್ನ ಕಂದನನ್ನು ನಾನೇ ಕೊಂದೆ,” ಎಂದು ನರಿ ನೆಲಕ್ಕೆ ತಲೆ ಚಚ್ಚಿಕೊಂಡಿತು. ಮುಂಗುಸಿ ಅದರ ಪಕ್ಕದಲ್ಲಿ ಕುಳಿತು ತಾನೂ ಅತ್ತಿತು.

ನೀತಿ: ಶುಚಿಯಿಲ್ಲದ ಜಾಗದಲ್ಲಿ ತಾಜಾ ಆಹಾರವೂ ವಿಷವಾಗುತ್ತದೆ, ಪರರ ಮಕ್ಕಳ ವಿಷಯದಲ್ಲಿ ಅಸಡ್ಡೆ ಮಾಡಿದವರು ತಮ್ಮ ಮಕ್ಕಳನ್ನೂ ಕಾಯಲಾರರು.