ಈರುಳ್ಳಿ ಹೆಚ್ಚುತ್ತಿದ್ದ ಚೂರಿ

ಕಾರೆಪಾಳ್ಯ ಎಂದೊಂದು ಊರು. ಬೆನ್ನಿಗೆ ಕಾಡು, ಎದುರಿಗೆ ರಾಗಿ ಹೊಲ. ಇದು ರಾಜರ ಕಾಲದ ಮಾತು. ವರ್ಷವೆಲ್ಲ ಕಾಡಿಗೆ ಕಾವಲಿರುತ್ತಿತ್ತು. ಮೊಲದ ಬೆನ್ನು ಹತ್ತಿದರೂ ದಂಡ ಬೀಳುತ್ತಿತ್ತು. ಯುಗಾದಿಯ ಮರುದಿನ, ಹೊಸತೊಡಕಿಗೆ ಮಾತ್ರ, ಊರಿಗೊಂದು ಕಾಡುಹಂದಿ ಹೊಡೆದುಕೊಳ್ಳಲು ಅರಮನೆಯ ಅಪ್ಪಣೆ ಇತ್ತು. ಒಂದೇ ಹಂದಿ, ಊರಿಗೆಲ್ಲ ಪಾಲು.

ಹೊಸತೊಡಕಿನ ದಿನ ಹೇಗೋ ವರ್ಷವೆಲ್ಲ ಹಾಗೆ ಎಂದು ಆ ಜನ ಗಟ್ಟಿಯಾಗಿ ನಂಬಿದ್ದರು. ಅಂದು ಜಗಳವಾಡಿದರೆ ವರ್ಷವೆಲ್ಲ ಜಗಳ, ಅಂದು ಹಸಿದರೆ ವರ್ಷವೆಲ್ಲ ಹಸಿವು. ಅದಕ್ಕೇ ಅತ್ತೆ ಸೊಸೆಯರು ಕೂಡ ಅಂದು ನಗುನಗುತ್ತ ಇರುತ್ತಿದ್ದರು. ಆಡಬೇಕಾದ ಮಾತನ್ನು ಮಾರನೆಯ ದಿನಕ್ಕೆ ಎತ್ತಿಟ್ಟುಕೊಳ್ಳುತ್ತಿದ್ದರು ಅನ್ನಿ.

ಆ ಹಂದಿಯನ್ನು ಕೊಯ್ದು ಪಾಲು ಮಾಡುವ ಹಕ್ಕು ರಾಚನಾಯಕನ ಮನೆಯದು. ತಾತನ ಕಾಲದಿಂದಲೂ ಅವನ ಅಂಗಳದಲ್ಲೇ ಆ ಕೆಲಸ ನಡೆಯುತ್ತಿತ್ತು. ಮರ್ಯಾದೆಯ ಕೆಲಸ ನಿಜ, ಆದರೆ ಕತ್ತಿಯ ಅಲಗಿನ ಮೇಲಿನ ಕೆಲಸವೂ ಹೌದು. ಹಂದಿಯ ಹೊಟ್ಟೆಯೊಳಗೆ, ಈಲಿ ಎನ್ನುವ ಯಕೃತ್ತಿನ ಬೆನ್ನಿಗೆ ಅಂಟಿಕೊಂಡು ಪಿತ್ತದ ಚೀಲ ಇರುತ್ತದೆ. ಅದು ಒಡೆದರೆ ಹರಿದಲ್ಲೆಲ್ಲ ಬಾಡು ಕಹಿ. ಆದ್ದರಿಂದ ಊರು ಒಂದು ಕಟ್ಟಳೆ ಮಾಡಿಕೊಂಡಿತ್ತು. ಕೊಯ್ಯುವವನು ಪಿತ್ತದ ಚೀಲವನ್ನು ಒಡೆಯದೆ ತೆಗೆದು, ಮುತ್ತುಗದ ಎಲೆಯ ಮೇಲಿಟ್ಟು, ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಬೇಕು. ಅದನ್ನು ಕಣ್ಣಾರೆ ಕಂಡ ಮೇಲೆಯೇ ಹೆಂಗಸರು ಒಲೆ ಹಚ್ಚುವುದು. ಚೀಲ ಒಡೆಯಿತೋ, ಆ ವರ್ಷ ಊರಿನ ಬಾಯಿ ಕಹಿ. ಕೊಯ್ಯುವ ಹಕ್ಕೂ ಬೇರೆ ಮನೆಗೆ.

ರಾಚನಾಯಕನಿಗೆ ವಯಸ್ಸಾಯಿತು. ಕೈ ನಡುಗತೊಡಗಿತು. ಗಂಡು ಮಕ್ಕಳಿರಲಿಲ್ಲ, ಇದ್ದವಳು ಒಬ್ಬಳೇ ಮಗಳು ಚೆಲುವಿ. ಅವಳನ್ನು ತನ್ನ ಅಕ್ಕನ ಮಗ ಮಾದನಾಯಕನಿಗೆ ಕೊಟ್ಟು ಮನೆಯಲ್ಲೇ ಇಟ್ಟುಕೊಂಡಿದ್ದ. ಮನೆಯಳಿಯನ ಪಾಡು ನಿಮಗೆ ಗೊತ್ತೇ ಇದೆ. ಉಂಡರೆ ‘ಅಳಿಯನಿಗೆ ಹಸಿವು ಜಾಸ್ತಿ’ ಅನ್ನುತ್ತಾರೆ, ಉಣ್ಣದಿದ್ದರೆ ‘ಅಳಿಯನಿಗೆ ಬಿಗುಮಾನ’ ಅನ್ನುತ್ತಾರೆ. ಮಾದನಾಯಕ ಎಂಬ ಅವನ ಹೆಸರು ಊರಿನ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಎಲ್ಲರಿಗೂ ಅವನು ‘ರಾಚನಾಯಕನ ಅಳಿಯ’. ಅವನಿಗೆ ಅದು ಚುಚ್ಚುತ್ತಿತ್ತು. ಒಂದು ಸಲವಾದರೂ ಈ ಊರು ತನ್ನನ್ನು ಹೆಸರು ಹಿಡಿದು ಕರೆಯಬೇಕು ಎಂಬುದೊಂದೇ ಅವನ ಆಸೆ.

ಯುಗಾದಿ ಹತ್ತಿರ ಬಂದಾಗ ಮಾವ ಅವನನ್ನು ಕರೆದು ಜಗಲಿಯ ಮೇಲೆ ಒಂದು ಎಣ್ಣೆ ಬಟ್ಟೆಯ ಗಂಟು ಬಿಚ್ಚಿದ. ಒಳಗೆ ಸುಟ್ಟ ಹಂದಿಯ ಕೂದಲು ಹೆರೆಯುವ ಮೊಂಡು ಬಿಲ್ಲೆಯೊಂದಿತ್ತು, ಹಿಡಿ ಸಡಿಲವಾದ ಮಚ್ಚೊಂದಿತ್ತು. ಜೊತೆಗೆ ಒಂದು ಚೂರಿ. ಮಸೆದು ಮಸೆದು ಅದರ ಅಲಗು ಬೆರಳಿನಷ್ಟು ಸಣ್ಣಗಾಗಿತ್ತು. ಕೊಂಬಿನ ಹಿಡಿಗೆ ಸುತ್ತಿದ ದಾರ ಕೈಯ ಜಿಡ್ಡಿಗೆ ಕಪ್ಪಾಗಿತ್ತು.

“ಈ ಸಲ ನೀನೇ ಕೊಯ್ಬೇಕು ಕಣಪ್ಪಾ” ಅಂದ ರಾಚನಾಯಕ. “ಇವನ್ನೆಲ್ಲ ಕೈಗೆ ತಗೊಂಡು ನೋಡು. ಆಮೇಲೆ ಆರಿಸ್ಕೋ.”

ಮಾದನಾಯಕ ಕೈಗೆ ತೆಗೆದುಕೊಳ್ಳಲೇ ಇಲ್ಲ. ಕಣ್ಣಲ್ಲಿ ನೋಡಿಯೇ ನಕ್ಕುಬಿಟ್ಟ.

“ಮಾವ, ಇದು ಚೂರಿನೋ ಹಲ್ಲುಕಡ್ಡಿನೋ? ಇದನ್ನ ಹಿಡ್ಕೊಂಡು ಹಂದಿ ಮುಂದೆ ಕೂತ್ರೆ ಊರೆಲ್ಲ ನಗ್ತದೆ. ನಾನು ಹೊಸದು ಮಾಡಿಸ್ಕೋತೀನಿ.”

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಮುದುಕ ಗಂಟನ್ನು ಪಕ್ಕಕ್ಕೆ ಸರಿಸಿದ. ಹಬ್ಬದ ಹೊತ್ತಿನಲ್ಲಿ ಅಳಿಯನ ಜೊತೆ ಯಾಕೆ ಮಾತಿಗೆ ಮಾತು? ಚೆಲುವಿ ಬಂದು ಚೂರಿಯನ್ನು ಎತ್ತಿಕೊಂಡಳು. ಅವಳ ಈಳಿಗೆಮಣೆಯ ಅಲಗು ಸಡಿಲವಾಗಿ ಅಲ್ಲಾಡುತ್ತಿತ್ತು. ಸರಿ ಮಾಡಿಕೊಡು ಎಂದು ಗಂಡನಿಗೆ ಹೇಳಿ ಹೇಳಿ ಸಾಕಾಗಿತ್ತು. “ನಿಮಗೆ ಬ್ಯಾಡದಿದ್ರೆ ನನಗಿರ್ಲಿ, ಈರುಳ್ಳಿಗಾಯ್ತದೆ” ಎಂದು ಒಳಗೆ ಒಯ್ದಳು.

ಮಾದನಾಯಕ ನೇರವಾಗಿ ಕುಲುಮೆಗೆ ಹೋದ. ಅಲ್ಲಿ ವೀರಾಚಾರಿ ತಿದಿ ಒತ್ತುತ್ತ ಕೂತಿದ್ದ.

“ಏನು ಕೊಯ್ಯೋಕಪ್ಪಾ ಕತ್ತಿ?”

“ಹಂದಿ ಕೊಯ್ಯೋಕೆ ಆಚಾರ್ರೇ.”

“ಹಂದೀಲಿ ಏನ ಕೊಯ್ಯೋಕೆ?”

“ಇದೇನ್ ಕೇಳ್ತೀರಿ? ಇಡೀ ಹಂದೀನೇ! ದೂರದಲ್ಲಿ ನಿಂತೋರಿಗೂ ಕಾಣ್ಬೇಕು, ಅಂಥಾದ್ದು ಮಾಡ್ಕೊಡಿ.”

“ಕಾಣೋ ಹಂಗೆ ತಾನೇ? ಅದೇನು ಕಷ್ಟ” ಅಂದ ಆಚಾರಿ. ಹಾಗೇ ಮಾಡಿಯೂ ಕೊಟ್ಟ. ಮೊಳದುದ್ದದ ಕತ್ತಿ, ಅಂಗೈ ಅಗಲದ ಅಲಗು, ಹಿತ್ತಾಳೆಯ ಹಿಡಿ, ಹಿಡಿಯ ಮೇಲೊಂದು ನವಿಲು. ಮಾದನಾಯಕ ಅದನ್ನು ಹೆಗಲ ಮೇಲಿಟ್ಟುಕೊಂಡು ಬೇಕೆಂದೇ ಸುತ್ತುದಾರಿ ಹಿಡಿದು ಮನೆಗೆ ಬಂದ. ಹಿತ್ತಲಲ್ಲಿ ಬಾಳೆದಿಂಡು ನಿಲ್ಲಿಸಿ ಒಂದೇ ಏಟಿಗೆ ಎರಡು ತುಂಡು ಮಾಡಿದ. ಬೇಲಿಯಾಚೆ ನಿಂತವರು ಭಲೇ ಅಂದರು. ಇವನೂ ಹಿಗ್ಗಿದ. ಆದರೆ ಮಕ್ಕಳೇ, ಬಾಳೆದಿಂಡಿಗೆ ಪಿತ್ತ ಇರುವುದಿಲ್ಲ ನೋಡಿ.

ಹೊಸತೊಡಕು ಬಂತು. ಬೇಟೆಗೆ ಹೋದವರು ಬಿಸಿಲೇರುವ ಹೊತ್ತಿಗೆ ದೊಡ್ಡ ಹಂದಿಯೊಂದನ್ನು ಗಳುವಿಗೆ ಕಟ್ಟಿ ಹೊತ್ತು ತಂದರು. ರಾಚನಾಯಕನ ಅಂಗಳದಲ್ಲಿ ಹುಲ್ಲು ಹಾಕಿ ಸುಟ್ಟರು, ಕೂದಲು ಹೆರೆದರು, ನೀರೆರೆದು ಅರಿಶಿನ ಹಚ್ಚಿ ಎಲೆಯ ಮೇಲೆ ಅಂಗಾತ ಮಲಗಿಸಿದರು. ಊರಿಗೆ ಊರೇ ಸುತ್ತ ನೆರೆಯಿತು. ಮನೆಮನೆಯಲ್ಲೂ ಖಾರ ಅರೆದಿಟ್ಟಾಗಿತ್ತು. ಒಲೆಯಲ್ಲಿ ಸೌದೆ ಜೋಡಿಸಿಟ್ಟಾಗಿತ್ತು. ಕಿಡಿ ಮಾತ್ರ ಬಿದ್ದಿರಲಿಲ್ಲ.

ಮಾದನಾಯಕ ನವಿಲಿನ ಕತ್ತಿ ಎತ್ತಿದ. ಬಿಸಿಲಿಗೆ ಅದು ಫಳ್ಳನೆ ಹೊಳೆಯಿತು. ಜನ ‘ಆಹಾ’ ಅಂದರು. ಗಂಟಲಿನಿಂದ ಎದೆಯ ತನಕ ಕತ್ತಿ ಸಲೀಸಾಗಿ ಇಳಿಯಿತು. ಇಷ್ಟೇ ತಾನೇ ಅಂದುಕೊಂಡ ಅವನು.

ಎದೆ ದಾಟಿ ಹೊಟ್ಟೆಗೆ ಬಂದಾಗ ಕತ್ತಿ ಅವನ ಮಾತು ಕೇಳುವುದನ್ನು ಬಿಟ್ಟಿತು. ಅಲಗು ಎಷ್ಟು ಅಗಲವೆಂದರೆ ಅದರ ಕೆಳಗೆ ಏನಿದೆಯೆಂದೇ ಕಾಣದು. ಅಲಗಿನ ಜೊತೆ ಬೆರಳು ಒಳಗೆ ಬಿಡೋಣವೆಂದರೆ ಜಾಗವಿಲ್ಲ. ಭಾರಕ್ಕೆ ಕೈ ತಾನಾಗಿ ಕೆಳಕ್ಕೆ ಜಗ್ಗುತ್ತಿತ್ತು. ಇದ್ದಕ್ಕಿದ್ದಂತೆ ಕತ್ತಿಯ ತುದಿಗೆ ಮೆತ್ತನೆಯದೇನೋ ತಾಕಿತು. ಅವನ ಕೈ ಅಲ್ಲೇ ನಿಂತಿತು. ಈಲಿಯೋ, ಕರುಳೋ, ಪಿತ್ತವೋ? ದೇವರಿಗೇ ಗೊತ್ತು. ಇನ್ನೊಂದು ಕೂದಲೆಳೆಯಷ್ಟು ಒತ್ತಿದರೆ ಊರಿಗೇ ಗೊತ್ತಾಗುತ್ತಿತ್ತು.

ಜನ ಪಿಸುಗುಟ್ಟತೊಡಗಿದರು. ಕೊಯ್ಯುವ ಹಕ್ಕಿನ ಮೇಲೆ ಬಹಳ ಕಾಲದಿಂದ ಕಣ್ಣಿಟ್ಟಿದ್ದ ಕೆಳಗೇರಿಯ ಕುಳ್ಳನಾಯಕ ಮುಂದೆ ಬಂದು ಬಗ್ಗಿ ನೋಡಿದ.

“ಯಾಕ್ಲಾ ರಾಚನಾಯಕನ ಅಳಿಯ, ಕತ್ತಿ ಹಿಡ್ಕೊಂಡೇ ನಿದ್ದೆ ಬಂದ್ಬುಡ್ತಾ?”

ಎಲ್ಲರೂ ಗೊಳ್ಳೆಂದು ನಕ್ಕರು. ಮಾದನಾಯಕನ ಕಿವಿ ಕೆಂಪಾಯಿತು. ಕಣ್ಣು ಮುಚ್ಚಿ ಎಳೆದುಬಿಡಲೇ? ಅದೃಷ್ಟ ಇದ್ದರೆ ಉಳಿದೀತು. ಕತ್ತಿ ಕೆಳಗಿಟ್ಟರೋ, ಸಾಯುವ ತನಕ ಜನ ಆಡಿಕೊಂಡು ನಗುತ್ತಾರೆ. ಹಂದೀಲಿ ಏನ ಕೊಯ್ಯೋಕೆ ಎಂದು ಆಚಾರಿ ಕೇಳಿದ್ದು ಆಗ ಅವನ ನೆನಪಿಗೆ ಬಂತು. ಆ ಪ್ರಶ್ನೆಗೆ ಉತ್ತರ ಕೊಡದೆ ಬಂದದ್ದೇ ತಪ್ಪಾಯಿತು ಅನ್ನಿಸಿತು. ತಲೆ ಎತ್ತಿ ನೋಡಿದ. ಹೆಂಗಸರೆಲ್ಲ ಅವನ ಕೈಯನ್ನೇ ನೋಡುತ್ತಿದ್ದರು. ಸಾಲುಮನೆಗಳ ಯಾವ ಮಾಡಿನಿಂದಲೂ ಹೊಗೆ ಏಳುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಚೆಲುವಿ ಕೂತಿದ್ದಳು. ಮುಂದೆ ಈರುಳ್ಳಿ ರಾಶಿ, ಕೈಯಲ್ಲಿ ಆ ಸಣ್ಣ ಚೂರಿ. ಅವಳ ಕೈಯೂ ನಿಂತುಹೋಗಿತ್ತು.

ಮಾದನಾಯಕ ಉಸಿರು ಬಿಗಿಹಿಡಿದು ದೊಡ್ಡ ಕತ್ತಿಯನ್ನು ಮೆಲ್ಲಗೆ, ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆದ. ಎಲೆಯ ಮೇಲೆ ಮಲಗಿಸಿದ.

“ಚೆಲುವೀ, ಆ ಚೂರಿ ಇತ್ಲಾಗ್ ತತ್ತಾ.”

“ಯಾವ್ದು ಬಾವ?”

“ನಿನ್ ಕೈಲಿರೋದೇ.”

“ಹಂದಿಗೆ ಈರುಳ್ಳಿ ಚೂರಿಯಂತೆ!” ಎಂದು ಕುಳ್ಳನಾಯಕ ತೊಡೆ ತಟ್ಟಿಕೊಂಡು ನಕ್ಕ. ಜನವೂ ನಕ್ಕಿತು. ಮಾದನಾಯಕ ಅತ್ತ ತಿರುಗಲಿಲ್ಲ. ಜಗಲಿಯ ಮೇಲಿದ್ದ ಮುದುಕನ ಕಡೆ ನೋಡಿ ಎಲ್ಲರಿಗೂ ಕೇಳುವಂತೆಯೇ ಅಂದ:

“ಮಾವ, ನಾನು ಆರಿಸಿದ್ದು ತಪ್ಪಾಯ್ತು. ಪಕ್ಕಕ್ಕೆ ಬಂದು ಕೂತ್ಕೊಂಡು ಹೇಳ್ಕೊಡಿ.”

ರಾಚನಾಯಕ ಎದ್ದು ಬಂದು ಅಳಿಯನ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತ. ಚೂರಿಗೆ ನೀರು ಹಾಕಿಸಿದ, ಕಲ್ಲಿಗೆ ಎರಡು ಸಲ ಸವರಿಸಿದ. ತನ್ನ ನಡುಗುವ ಕೈಯನ್ನು ಮಡಿಲಲ್ಲಿ ಅದುಮಿಟ್ಟುಕೊಂಡು ಮೆಲ್ಲಗೆ ಹೇಳಿದ:

“ಅಲಗು ಮೇಲಕ್ಕಿರ್ಲಿ. ಎರಡು ಬೆರಳು ಮುಂದೆ ಹೋಗ್ಲಿ, ಚೂರಿ ಅವುಗಳ ನಡುವೆ ಹಿಂದಿನಿಂದ ಬರ್ಲಿ. ಒಳಗೆ ಕಣ್ಣು ಕಾಣಲ್ಲ ಕಣಪ್ಪಾ, ಬೆರಳೇ ಕಾಣ್ಬೇಕು. ಆತುರ ಬ್ಯಾಡ.”

ಹಿಡಿ ಅಂಗೈಯಲ್ಲಿ ಕೂತ ರೀತಿಗೇ ಮಾದನಾಯಕನಿಗೆ ಅರ್ಧ ಧೈರ್ಯ ಬಂತು. ಬೆರಳು ಮುಂದೆ ಹೋದವು. ಚೂರಿ ಹಿಂದೆಯೇ ಬಂತು. ಹೊಟ್ಟೆಯ ತೊಗಲು ಸದ್ದಿಲ್ಲದೆ ಬಿಟ್ಟುಕೊಂಡಿತು. ಈಲಿ ಸಿಕ್ಕಿತು. ಅದರ ಬೆನ್ನಿಗೆ ಬೆರಳು ಸವರಿದಾಗ ನುಣ್ಣಗೆ, ಬೆಚ್ಚಗೆ, ತುಂಬಿಕೊಂಡ ಪಿತ್ತದ ಚೀಲ! ದೊಡ್ಡ ಕತ್ತಿಯ ತುದಿ ನಿಂತದ್ದು ಸರಿಯಾಗಿ ಅದರ ಮಗ್ಗುಲಲ್ಲೇ. ಅಂಟಿಕೊಂಡಿದ್ದ ಪೊರೆಯನ್ನು ಚೂರಿಯ ತುದಿಯಿಂದ ಒಂದೊಂದೇ ಎಳೆ ಬಿಡಿಸಿದ, ಬುಡವನ್ನು ಬೆರಳಲ್ಲಿ ಹಿಸುಕಿ ಹಿಡಿದು ಕೊಯ್ದ.

ಎದ್ದು ನಿಂತು ಮುತ್ತುಗದ ಎಲೆಯನ್ನು ತಲೆಯ ಮೇಲಕ್ಕೆ ಎತ್ತಿದ. ಎಲೆಯ ಮೇಲೆ ಹಸಿರು ಚೀಲ ಇಡಿಯಾಗಿ ಕೂತಿತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ.

ಕಟ್ಟಿಕೊಂಡಿದ್ದ ಉಸಿರನ್ನು ಊರು ಒಟ್ಟಿಗೇ ಬಿಟ್ಟಿತು. ಹೆಂಗಸರು ಸೆರಗು ಸಿಕ್ಕಿಸಿಕೊಂಡು ಮನೆಗಳಿಗೆ ಓಡಿದರು. ನೋಡನೋಡುತ್ತಲೇ ಒಂದು ಮಾಡಿನಿಂದ ಹೊಗೆ ಎದ್ದಿತು, ಪಕ್ಕದ ಮಾಡಿನಿಂದ ಎದ್ದಿತು, ಕೇರಿಯುದ್ದಕ್ಕೂ ಎದ್ದಿತು. ಮಾದನಾಯಕ ಎಲೆಯನ್ನು ಕೆಳಗಿಟ್ಟು ಅಲ್ಲೇ ಕೂತ. ಅವನ ಮುಖದಲ್ಲಿ ನಗು ಬಂದಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. ಬಾಗಿಲಲ್ಲಿ ಚೆಲುವಿಯೂ ಕಣ್ಣೊರೆಸಿಕೊಂಡಳು. ಯಾಕೆಂದು ಕೇಳಿದವರಿಗೆ ಈರುಳ್ಳಿ ಅಂದಳು. ಇರಲಿ ಬಿಡಿ, ಈರುಳ್ಳಿಯೇ ಇರಬಹುದು.

“ಇನ್ನೂ ಯಾಕೆ ಕೂತಿದ್ದೀಯಾ?” ಎಂದು ಮಾವ ಬೆನ್ನು ತಟ್ಟಿದ. “ಎಲ್ಲಪ್ಪಾ ನಿನ್ ನವಿಲಿನ ಕತ್ತಿ? ಪಕ್ಕೆಲುಬು ಈ ಚೂರಿಗೆ ಬಗ್ಗಲ್ಲ. ತಾ ಅದನ್ನ.”

ನಿಜಕ್ಕೂ ಎಲುಬಿಗೆ ಆ ಕತ್ತಿಯೇ ಸರಿ. ಏಟಿಗೊಂದು ತುಂಡು! ಗುಂಪಿನಲ್ಲಿದ್ದ ವೀರಾಚಾರಿ ಗೊಣಗಿದ: “ಎಲುಬಿಗೆ ಅಂತ ಅವತ್ತೇ ಹೇಳಿದ್ರೆ ಆ ನವಿಲು ಕೆತ್ತೋ ಕೆಲಸ ಆದ್ರೂ ಉಳೀತಿತ್ತು.”

ಬಾಡನ್ನು ಎಲೆಗಳ ಮೇಲೆ ಗುಡ್ಡೆಗುಡ್ಡೆಯಾಗಿ ಹಾಕಿದರು. ಮನೆಗೊಂದು ಗುಡ್ಡೆ, ಮೊದಲ ಈಟಿ ಎಸೆದವನಿಗೊಂದು, ಓಡಿ ಬಳಲಿದ ನಾಯಿಗಳಿಗೂ ಒಂದು. ಸರದಿಯ ಕೊನೆಗೆ ಕುಳ್ಳನಾಯಕ ಬಂದ. ತಲೆ ಕೆರೆದುಕೊಂಡ, ಅತ್ತಿತ್ತ ನೋಡಿದ.

“ಮಾದನಾಯಕಾ” ಅಂದ, “ನನ್ ಗುಡ್ಡೆಗೆ ಒಂದೀಟು ಈಲಿ ಜಾಸ್ತಿ ಹಾಕಪ್ಪಾ.”

ಮಾದನಾಯಕನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಕೇಳಿದ್ದಕ್ಕಿಂತ ಎರಡು ತುಂಡು ಹೆಚ್ಚಿಗೇ ಹಾಕಿದ.

ಮಾರನೆಯ ದಿನ ಚೆಲುವಿ ಈರುಳ್ಳಿ ಹೆಚ್ಚಲು ಚೂರಿ ಹುಡುಕಿದಳು. ಸಿಗಲಿಲ್ಲ. ಅದು ಆಗಲೇ ಮಸೆಸಿಕೊಂಡು, ಎಣ್ಣೆ ಬಟ್ಟೆಯ ಗಂಟಿನಲ್ಲಿ, ನವಿಲಿನ ಕತ್ತಿಯ ಮಗ್ಗುಲಲ್ಲಿ ಮಲಗಿತ್ತು. ಚೂರಿ ಇದ್ದ ಜಾಗದಲ್ಲಿ ಅವಳ ಈಳಿಗೆಮಣೆ ಇತ್ತು. ಅಲಗು ಅಲ್ಲಾಡದಂತೆ ಯಾರೋ ಭದ್ರವಾಗಿ ಬೆಣೆ ಹೊಡೆದಿಟ್ಟಿದ್ದರು.

ನೀತಿ: ಆಯುಧ ಆರಿಸುವಾಗ ಮಾಡುವ ಕೆಲಸವನ್ನು ನೋಡಿ ಆರಿಸಬೇಕು, ನೋಡುವವರ ಕಣ್ಣನ್ನು ನೋಡಿ ಅಲ್ಲ. ಆರಿಸಿದ್ದು ತಪ್ಪೆಂದು ನಡುವೆ ತಿಳಿದರೆ ನಾಚದೆ ಕೆಳಗಿಟ್ಟು ತಿಳಿದವರನ್ನು ಕೇಳಬೇಕು. ಆ ನಾಚಿಕೆ ಒಂದು ಗಳಿಗೆಯದು. ಕೇಳದೆ ಉಳಿದರೆ ಆಗುವ ಕಹಿ ವರ್ಷದ್ದು.